ಎರಡು ಕೈಯ ಚೀಲ

ಕರೆದರೆ ಕಲ್ಲೂ ಓಗೊಡುತ್ತಿದ್ದ ಕಾಲದಲ್ಲಿ ಹೊಳಲುಕೋಟೆ ಅಂತ ಒಂದು ರಾಜ್ಯ ಇತ್ತು. ಕೋಟೆಯ ಮುಂದೆ ಹಿರಿಯಮ್ಮನ ಕೆರೆ. ಕೋಟೆಯ ಹಿಂದೆ, ಮೂರು ದಿನದ ದಾರಿಯಾಚೆ, ಏಳು ಗುಡ್ಡ. ಏಳು ಗುಡ್ಡದ ಮೇಲೆ ಏಳು ಹಾಡಿ. ಆ ಹಾಡಿಯ ಜನ ಚೀಲ ನೇಯುತ್ತಿದ್ದರು.

ಚೀಲ ತಾನೇ ಅಂತ ಮೂಗು ಮುರಿಯಬೇಡಿ. ಇಬ್ಬನಿ ಸಮೇತ ಕಿತ್ತ ಹೂವನ್ನು ಆ ಚೀಲದಲ್ಲಿ ಹಾಕಿಟ್ಟರೆ ವರ್ಷ ಕಳೆದ ಮೇಲೂ ಅದೇ ಹೂವು, ಅದೇ ಇಬ್ಬನಿ. ಹಾಲು ಹಾಕಿದರೆ ಸೋರುತ್ತಿರಲಿಲ್ಲ, ಹುಳಿಯಾಗುತ್ತಿರಲಿಲ್ಲ. ಮದುವೆಯಾಗಿ ದೂರ ಹೊರಟ ಮಗಳಿಗೆ ಒಬ್ಬ ತಾಯಿ ಜೋಗುಳ ಹಾಡಿ, ಹಾಡನ್ನು ಚೀಲದಲ್ಲಿ ಕಟ್ಟಿಕೊಟ್ಟಳಂತೆ. ಹತ್ತು ವರ್ಷದ ಮೇಲೆ ಮಗಳು ಬಿಚ್ಚಿದರೆ ತಾಯಿಯ ದನಿ ಹಾಗೇ ಬಂತಂತೆ, ನಡುವೆ ಕೆಮ್ಮಿದ್ದು ಕೂಡ ಬಂತಂತೆ.

ನೇಯುವ ರೀತಿ ಹೀಗೆ. ನಾರುಮರದಿಂದ ಒಂದೇ ಒಂದು ಪಟ್ಟಿ ತೊಗಟೆ ತೆಗೆಯುವುದು. ತೊರೆಯಲ್ಲಿ ನೆನೆಹಾಕಿ, ಬಡಿದು, ಒಣಗಿಸಿ, ತೊಡೆಯ ಮೇಲೆ ಹೊಸೆದು ನೂಲು ಮಾಡುವುದು. ಮಗ್ಗ ಅಂದರೆ ನಾಲ್ಕು ಕೋಲು, ಎರಡು ಪಟ್ಟಿ. ಒಂದು ಪಟ್ಟಿ ಮರಕ್ಕೆ, ಇನ್ನೊಂದು ನೇಯುವವರ ಸೊಂಟಕ್ಕೆ. ನಡುವೆ ನೂಲು ಬಿಗಿಯಾಗಿ ನಿಲ್ಲುತ್ತದೆ. ಮರ ಆ ಕಡೆ ಎಳೆಯುತ್ತದೆ, ಮನುಷ್ಯ ಈ ಕಡೆ ಎಳೆಯುತ್ತಾನೆ, ಚೀಲ ಆಗುತ್ತದೆ. ಒಂದು ಕಟ್ಟಳೆ ಮಾತ್ರ ಕಡ್ಡಾಯ. ಅಡಿ ನೇಯ್ದ ಕೈ ಬಾಯಂಚು ನೇಯಬಾರದು. ಚೀಲದ ಬಾಯಿಯ ಸುತ್ತ ಬರುವ ಕೊನೆಯ ಅಂಚಿಗೆ ಇನ್ನೊಬ್ಬರ ಕೈಯೇ ಬೇಕು. "ಒಂದೇ ಕೈ ಮುಗಿಸಿದ ಚೀಲಕ್ಕೆ ತಗೊಳ್ಳೋದು ಗೊತ್ತಿರುತ್ತೆ, ಕೊಡೋದು ಗೊತ್ತಿರಲ್ಲ" ಎನ್ನುತ್ತಿದ್ದರು ಹಾಡಿಯವರು. ಊರಿನವರು ಇದನ್ನು ಕೇಳಿ ನಕ್ಕು, ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು.

ಹೊಳಲುಕೋಟೆಯಲ್ಲಿ ಓಬಳ ಎಂಬ ಯುವಕನಿದ್ದ. ಎರಡು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಗುಡ್ಡ ಹತ್ತುವನು, ಉಪ್ಪು ಇಳಿಸಿ ಚೀಲ ಹೇರಿಕೊಂಡು ಬರುವನು. ಅಪ್ಪನಿಂದ ಬಂದ ಕಸುಬು. ಅಪ್ಪನ ಕಾಲದಲ್ಲಿ ಏಳು ಹಾಡಿಯಲ್ಲೂ ಒಲೆಯ ಹೊಗೆ ಏಳುತ್ತಿತ್ತು. ಆಮೇಲೆ ಒಂದು ಹಾಡಿ ಖಾಲಿ, ಮರುವರ್ಷ ಇನ್ನೊಂದು ಖಾಲಿ. ಓಬಳನ ಕಾಲಕ್ಕೆ ಉಳಿದವಳು ಒಬ್ಬಳೇ ಅಜ್ಜಿ. ಅವಳ ಗುಡಿಸಲ ತುಂಬ ಬಾಯಂಚಿಲ್ಲದ ಚೀಲಗಳ ರಾಶಿ. ಅಂಥ ಚೀಲದಲ್ಲಿ ಒಂದು ಹಿಡಿ ರಾಗಿ ಕೂಡ ನಿಲ್ಲುವುದಿಲ್ಲ. ಓಬಳ ಖಾಲಿ ಹಾಡಿಗಳಲ್ಲಿ ಉಳಿದ, ಅಂಚಿರುವ ಹಳೆಯ ಚೀಲಗಳನ್ನೇ ಹುಡುಕಿ ತರುತ್ತಿದ್ದ. ಅಷ್ಟೊಂದು ಜನ ಎಲ್ಲಿ ಹೋದರು ಅಂತ ಯಾರಾದರೂ ಕೇಳಿದರೇ? ಇಲ್ಲ. "ಕಾಡಿನ ಜನ, ಎಲ್ಲಿಗೋ ಹೋಗಿರ್ತಾರೆ ಬಿಡಿ" ಎಂದು ಹೊಳಲುಕೋಟೆ ಆಕಳಿಸಿತು. ನನಗೆ ಈಗಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಹೀಗಿರುವಾಗ ಒಂದು ಬೆಳಗ್ಗೆ ಕೆರೆ ಏರಿಯ ಮೇಲೆ ಒಬ್ಬ ಬಂದು ನಿಂತ. ಹರೆಯದ ಮುಖ, ಹೊಳೆಯುವ ಕೂದಲು, ಹೆಗಲಲ್ಲಿ ಒಂದು ಹಳೆಯ ನಾರಿನ ಚೀಲ. ಅವನೇ ಮಾಂತ್ರಿಕ ಸರ್ವಗ್ರಾಸ. ಲೋಕದ ಹೆಸರುಗಳೆಲ್ಲ ಅವನ ಕಿವಿಗೆ ತಾವಾಗಿಯೇ ಬೀಳುತ್ತಿದ್ದವು. ಚೀಲದ ಬಾಯಿ ನೀರಿನ ಕಡೆ ತಿರುಗಿಸಿ ಕೂಗಿದ:

"ಹಿರಿಯಮ್ಮನ ಕೆರೆಯೇ!"

ದಡಕ್ಕೆ ಒಂದು ತೆರೆ ಬಂದು ಬಡಿಯಿತು. ಅದೇ ಕೆರೆಯ ಓಗೊಡುವಿಕೆ. ಅಷ್ಟು ಸಾಕಾಯಿತು. ನೀರು ಎದ್ದು ನಿಂತಿತು. ಮೀನು, ತಾವರೆ, ಮುಳುಗಿದ್ದ ಎಮ್ಮೆಗಳು, ನೀರಿನಲ್ಲಿ ಕಾಣುತ್ತಿದ್ದ ಮೋಡಗಳ ಸಮೇತ ಎದ್ದು ನಿಂತು, ಸುರುಳಿ ಸುತ್ತಿ, ಅಂಗೈಯಗಲದ ಆ ಬಾಯಿಯೊಳಗೆ ಇಳಿದುಹೋಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಿಂದಿಗೆ ತುಂಬುತ್ತಿದ್ದ ಚೆನ್ನಾಜಿಯೂ ಹೋದಳು. ಚೆನ್ನಾಜಿ ಯಾರು ಅಂತೀರಾ? ಓಬಳನ ಹೆಂಡತಿ. ಮದುವೆಯಾಗಿ ಇನ್ನೂ ಆರೇ ತಿಂಗಳಾಗಿತ್ತು.

ಓಬಳ ಏರಿಯ ಮೇಲೆ ಎತ್ತು ಹಿಡಿದುಕೊಂಡು ಇದನ್ನೆಲ್ಲ ಕಣ್ಣಾರೆ ಕಂಡ. ಹಗ್ಗ ಬಿಟ್ಟು ಓಡಿದ. ಅಷ್ಟರಲ್ಲಿ ಮಾಂತ್ರಿಕ ಕೋಟೆ ಬಾಗಿಲಿಗೆ ತಿರುಗಿ ಕಾವಲುಗಾರನ ಹೆಸರು ಹಿಡಿದು ಕರೆದ. ಕಾವಲುಗಾರ "ಓ" ಎಂದ, ಈಟಿ ಸಮೇತ ಚೀಲ ಸೇರಿದ. ಅವನ ಪಕ್ಕದವನನ್ನೂ ಕರೆದ. ಅವನ ಬಾಯಿ ತುಂಬ ಎಲೆಯಡಿಕೆ ಇತ್ತು, ಓಗೊಡಲಾಗಲಿಲ್ಲ, ಉಳಿದುಕೊಂಡ.

"ಕೆರೆ ಅರಗೋಕೆ ಮೂರು ತಿಂಗಳು ಬೇಕು" ಎಂದ ಸರ್ವಗ್ರಾಸ, ಚೀಲ ತಟ್ಟುತ್ತ. "ಆಮೇಲೆ ಬರ್ತೀನಿ. ಕೋಟೆ, ರಾಜ, ಮಂತ್ರಿ, ಕೋಳಿ, ಕುರಿ, ಎಲ್ಲರನ್ನೂ ಕರೀತೀನಿ."

ಹಾಗೆಂದು ಗಾಳಿಯ ಮೇಲೆ ಕಾಲಿಟ್ಟು ನಡೆದುಹೋದ.

ರಾಜ ಡಂಗುರ ಸಾರಿಸಿದ: ಇನ್ನು ಮೇಲೆ ರಾಜ್ಯದಲ್ಲಿ ಯಾರೂ ಯಾರಿಗೂ ಓಗೊಡಬಾರದು. ಆಹಾ, ಏನು ಬುದ್ಧಿ! ಕರೆದರೆ ಓ ಅನ್ನದಿರುವುದು ನಮ್ಮ ಜನಕ್ಕೆ ಆಗುವ ಮಾತೇ? ಸಂಜೆಯೊಳಗೆ ರಾಣಿ ಕರೆದಳು, ರಾಜನೇ "ಓ, ಬಂದೆ" ಎಂದ. ಆಮೇಲೆ ನೂರು ಸೈನಿಕರನ್ನು ಮಾಂತ್ರಿಕನ ಬೋಳುಬೆಟ್ಟಕ್ಕೆ ಕಳಿಸಿದರು. ನೂರರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ.

ಓಬಳ ಮಾತ್ರ ಒಂದನ್ನು ಗಮನಿಸಿದ್ದ. ಸಾವಿರ ಚೀಲ ಕಂಡ ಕಣ್ಣು ಅವನದು. ಅಡಿಯ ನೇಯ್ಗೆ ಒಂದು ಬಗೆ ಇದ್ದರೆ ಅಂಚಿನದು ಇನ್ನೊಂದು ಬಗೆ ಇರಬೇಕು, ಎರಡು ಕೈಯ ಎಳೆತ ಒಂದೇ ಥರ ಇರುವುದಿಲ್ಲ. ಸರ್ವಗ್ರಾಸನ ಚೀಲಕ್ಕೆ ಅಡಿಯಿಂದ ಅಂಚಿನವರೆಗೆ ಒಂದೇ ಎಳೆತ. ಆ ಬಿಗಿ ಎಳೆತ ಯಾರದು ಅಂತಲೂ ಅವನಿಗೆ ಗೊತ್ತಿತ್ತು. ಎತ್ತು ಹೊಡೆದುಕೊಂಡು ಗುಡ್ಡ ಹತ್ತಿದ.

ಅಜ್ಜಿ ಗುಡಿಸಲ ಮುಂದೆ ಮರಕ್ಕೆ ಮಗ್ಗ ಕಟ್ಟಿ ಕೂತಿದ್ದಳು.

"ಅಜ್ಜೀ, ಆ ಚೀಲ ನೀನು ನೇಯ್ದಿದ್ದು ಅಲ್ವಾ? ನನ್ನ ಹೆಂಡ್ತಿ ಅದರೊಳಗಿದ್ದಾಳೆ. ಹೇಗಾದರೂ ಮಾಡಿ ಬಿಡಿಸಿಕೊಡು."

ಅಜ್ಜಿ ತಲೆ ಎತ್ತಲಿಲ್ಲ. "ಹತ್ತು ವರ್ಷದಿಂದ ಬರ್ತಿದ್ದೀಯ. ನಿನ್ನ ಉಪ್ಪು, ನನ್ನ ಚೀಲ. ನನ್ನ ಹೆಸರೇನು ಹೇಳು ನೋಡಾನ."

ಓಬಳ ಬಾಯಿ ತೆರೆದ. ಹೆಸರು ಬರಲಿಲ್ಲ. ಎಲ್ಲಿಂದ ಬಂದೀತು? ಕೇಳಿದ್ದರಲ್ಲವೇ ಗೊತ್ತಿರುವುದು! ಅವನಿಗೆ ನಾಚಿಕೆಯಿಂದ ಕಿವಿ ಸುಟ್ಟುಹೋಯಿತು.

"ತಪ್ಪಾಯ್ತಜ್ಜಿ" ಎಂದು ನೆಲಕ್ಕೆ ಕೂತ. "ಹೆಸರು ಹೇಳು."

"ಕೇತಿ" ಎಂದಳು ಅಜ್ಜಿ. ಹೇಳಿದವಳು ಕೈಯಲ್ಲಿದ್ದ ಕೋಲು ಕೆಳಗಿಟ್ಟು ಒಂದೊಂದಾಗಿ ಎಲ್ಲವನ್ನೂ ಹೇಳಿದಳು.

ಕೇತಿಗೆ ಬೊಮ್ಮಿ ಅಂತ ಒಬ್ಬ ತಂಗಿ. ಕೇತಿ ಅಡಿ ನೇಯ್ದರೆ ಬೊಮ್ಮಿ ಬಾಯಂಚು. ಅವರ ಚೀಲ ಅಂದರೆ ಏಳು ಹಾಡಿಯೂ ಎದ್ದು ನೋಡುತ್ತಿತ್ತು. ಒಂದು ದಿನ ಬೊಮ್ಮಿ, "ಅಡಿ ಬಿಗಿ ಆಯ್ತು ಕಣಕ್ಕ, ಒಂದಿಷ್ಟು ಸಡಿಲ ಬಿಡು" ಅಂದಳು. ಕೇತಿಗೆ ಎಲ್ಲಿಲ್ಲದ ಕೋಪ ಬಂತು. "ನಿನ್ನ ಕೈ ಇಲ್ಲದಿದ್ರೆ ನನ್ನ ಚೀಲ ಆಗಲ್ವೇನೇ?" ಎಂದು ಹಟಕ್ಕೆ ಬಿದ್ದು ಬಾಯಂಚನ್ನೂ ತಾನೇ ನೇಯ್ದಳು. ಬೊಮ್ಮಿ ಮುನಿಸಿಕೊಂಡು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಕೇತಿಯೇ ಸೋತು, ಆ ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ "ಬೊಮ್ಮೀ" ಎಂದು ಕರೆದಳು.

"ಅವಳು 'ಓ' ಅಂದ್ಲು. ಅಷ್ಟೇ ಕಣಪ್ಪ. ನನ್ನ ಕಣ್ಣ ಮುಂದೇನೇ ಚೀಲ ಅವಳನ್ನ ತಗೊಂಡುಬಿಡ್ತು" ಎಂದಳು ಕೇತಜ್ಜಿ. ನಲವತ್ತು ವರ್ಷದ ಹಿಂದಿನ ಮಾತು ಅದು. "ಆಗ ಒಬ್ಬ ಮುದುಕ ಕೋಲೂರಿಕೊಂಡು ಬಂದ. ನಿನ್ನ ತಂಗೀನ ಬಿಡಿಸಿಕೊಡ್ತೀನಿ, ಚೀಲ ಕೊಡು ಅಂದ. ಕೊಟ್ಟೆ. ಆಮೇಲೆ ಒಂದೊಂದೇ ಹಾಡಿ ಅದರೊಳಗೆ ಹೋಯ್ತು. ನನ್ನನ್ನೂ ಕರೆದ, ಹಲ್ಲಲ್ಲಿ ನೂಲಿತ್ತು, ಓ ಅನ್ನಲಿಲ್ಲ, ಉಳಿದೆ."

"ಮುದುಕನೇ? ಅವನು ಹರೆಯದವನು ಅಜ್ಜಿ!"

"ಹಂಗಾದ್ರೆ ಅವನ ಮುಪ್ಪನ್ನೂ ಅದರಲ್ಲೇ ಹಾಕಿದಾನೆ."

ಆ ಚೀಲ ಕೊಡಬೇಕಾದರೆ ಅದರ ಅಂಚು ಬದಲಾಗಬೇಕು. ಹಳೆಯ ಅಂಚು ಬಿಚ್ಚಬೇಕಾದ್ದು ಅದನ್ನು ನೇಯ್ದ ಕೇತಿಯ ಕೈಯೇ, ಬೇರೆ ಯಾವುದೂ ಆಗದು. ಹೊಸ ಅಂಚು ಹಾಕಬೇಕಾದ್ದು ಮಾತ್ರ ಇನ್ನೊಂದು ಕೈ. ಆ ಇನ್ನೊಂದು ಕೈಗಾಗಿ ಅವಳು ನಲವತ್ತು ವರ್ಷ ಅಡಿ ನೇಯುತ್ತಾ ಕಾದಿದ್ದಳು.

"ನನಗೆ ಕಲಿಸು" ಎಂದ ಓಬಳ.

"ಉಪ್ಪಿನವನಿಗೆ ಉಪ್ಪು ಹೊರೋ ಕೈ. ಬಾಯಂಚಿಗೆ ಬೇರೆ ಕೈ ಬೇಕು."

"ಆಗೋವರೆಗೆ ಕೂತಿರ್ತೀನಿ."

ಕೂತ ನೋಡಿ! ತೊಗಟೆ ಬಡಿದು ಅಂಗೈ ಬೊಬ್ಬೆ ಎದ್ದಿತು. ನೂಲು ಹೊಸೆದು ತೊಡೆ ಕೆಂಪಾಯಿತು. ಅಜ್ಜಿ ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನೇಯುತ್ತಿದ್ದಳು, ಅದಕ್ಕೆ ಬೈಗುಳವೆಲ್ಲ ಮೂಗಿನಲ್ಲೇ. ತಿಂಗಳಿಗೊಂದರಂತೆ ಮೂರು ತಿಂಗಳಲ್ಲಿ ಮೂರು ಚೀಲವಾದವು. ಅಡಿ ಅಜ್ಜಿಯದು, ಬಾಯಂಚು ಓಬಳನದು. ಮೂರನೆಯದು ಮುಗಿದ ದಿನ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಪರವಾಗಿಲ್ಲ" ಎಂದಳು. ಓಬಳನಿಗೆ ಪಟ್ಟ ಕಟ್ಟಿದಷ್ಟು ಖುಷಿಯಾಯಿತು. ಮೂರು ಚೀಲ, ಒಂದು ಮಗ್ಗ, ಒಂದು ಪುಟ್ಟ ಉಪ್ಪಿನ ಮೂಟೆ ತೆಗೆದುಕೊಂಡು ಇಬ್ಬರೂ ಬೋಳುಬೆಟ್ಟದ ದಾರಿ ಹಿಡಿದರು.

ಬೋಳುಬೆಟ್ಟಕ್ಕೆ ಮೂರು ಬಾಗಿಲು.

ಮೊದಲ ಬಾಗಿಲಲ್ಲಿ ಬಿರುಗಾಳಿಯ ಕಾಡುಕೋಣ. ಅದು ಉಸಿರು ಬಿಟ್ಟರೆ ಬಂಡೆ ಉರುಳುತ್ತಿತ್ತು, ಹಕ್ಕಿಗಳು ಹಿಂದುಮುಂದಾಗಿ ಹಾರುತ್ತಿದ್ದವು. ಓಬಳ ಮೊದಲನೆಯ ಚೀಲ ಬಿಚ್ಚಿ ಹಿಡಿದ. ಕೋಣ ಉಸಿರು ಬಿಟ್ಟಿತು. ಗಾಳಿ ಚೀಲದೊಳಗೆ ಬಂತು, ತುಂಬಿತು, ಅಲ್ಲೇ ಗುಂಯ್‌ಗುಟ್ಟತೊಡಗಿತು. ಆದರೆ ಅದು ಓಬಳನ ಮೊದಲ ಅಂಚು, ಸಡಿಲ. ಅರ್ಧ ಗಾಳಿ ಎಳೆಗಳ ಸಂದಿಯಿಂದ ತಪ್ಪಿಸಿಕೊಂಡು ಅವನ ರುಮಾಲು ಹಾರಿಸಿಕೊಂಡು ಹೋಯಿತು, ಅವನನ್ನೂ ಬೆಟ್ಟದಂಚಿನವರೆಗೆ ತಳ್ಳಿತು. ಅಜ್ಜಿ ಅವನ ಕಾಲು ಹಿಡಿದು ಎಳೆದಳು.

"ಆವತ್ತು ಅಂಚು ಹಾಕುವಾಗ ಏನು ಯೋಚನೆ ಮಾಡ್ತಿದ್ದೆ?"

"ಊಟದ್ದು" ಎಂದ ಓಬಳ.

"ಗೊತ್ತಾಯ್ತು ಬಿಡು."

ಉಸಿರು ಖಾಲಿಯಾದ ಕೋಣ ಮಲಗಿತು. ಇಬ್ಬರೂ ಮುಂದೆ ನಡೆದರು.

ಎರಡನೆಯ ಬಾಗಿಲಲ್ಲಿ ಬೆಂಕಿಗರಿಯ ನವಿಲು. ಒಂದೊಂದು ಗರಿಯಲ್ಲೂ ಒಂದೊಂದು ಜ್ವಾಲೆ, ಒಂದೊಂದು ಕಣ್ಣಲ್ಲೂ ಒಂದೊಂದು ಸೂರ್ಯ. ಅದು ಗರಿ ಬಿಚ್ಚಿ ಕುಣಿಯಿತು. ಅಯ್ಯೋ, ಆ ಚೆಂದ ಏನು ಹೇಳಲಿ! ಸುಟ್ಟುಹೋಗುತ್ತೇವೆ ಅಂತ ಗೊತ್ತಿದ್ದೂ ಇಬ್ಬರೂ ಒಂದು ಗಳಿಗೆ ನೋಡುತ್ತಾ ನಿಂತುಬಿಟ್ಟರು. ಹುಬ್ಬು ಕರಟಿದಾಗ ಎಚ್ಚರವಾಯಿತು. ಓಬಳ ಎರಡನೆಯ ಚೀಲ ತೆಗೆದ. ಬಾಯಿ ತೆರೆಯುತ್ತಿಲ್ಲ! ಮೊದಲನೆಯದು ಸಡಿಲವಾಯಿತು ಅಂತ ಹೆದರಿ ಎರಡನೆಯದನ್ನು ಉಸಿರುಗಟ್ಟುವಷ್ಟು ಬಿಗಿದಿದ್ದ.

"ಕೈಗೆ ಭಯ ಬಂದ್ರೆ ನೂಲಿಗೂ ಬರುತ್ತೆ. ಎರಡು ಸುತ್ತು ಬಿಚ್ಚು, ನಿಧಾನಕ್ಕೆ" ಎಂದಳು ಅಜ್ಜಿ. ಸೀರೆಯ ಸೆರಗು ಹೊಗೆಯಾಡುತ್ತಿದ್ದರೂ ದನಿ ಏರಲಿಲ್ಲ.

ಓಬಳ ಬಿಚ್ಚಿದ. ಒಂದು ಸುತ್ತು, ಎರಡು ಸುತ್ತು. ಚೀಲ ಬಾಯಿ ತೆರೆಯಿತು. ಜ್ವಾಲೆಗಳೆಲ್ಲ ಗರಿಯಿಂದ ಎದ್ದು, ಮನೆಗೆ ಹೋಗುವ ಕೋಳಿಮರಿಗಳ ಹಾಗೆ ಒಂದರ ಹಿಂದೊಂದು ಒಳಗೆ ಹೋದವು. ನಾರಿನ ಒಂದೆಳೆಯೂ ಸುಡಲಿಲ್ಲ.

ಮೂರನೆಯ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಗೊರವಂಕ ಹಕ್ಕಿ. ಅದರ ಸುತ್ತ ಬಾಯಿ ತೆರೆದ ನೂರು ಕಲ್ಲುಗಳು. ಅವೇ ರಾಜನ ಸೈನಿಕರು. ಹಕ್ಕಿ ಪ್ರೀತಿಯವರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟವರು ಕಲ್ಲಾಗುತ್ತಾರೆ. ಅದು ಮೊದಲು ಅಜ್ಜಿಯ ಕಡೆ ತಿರುಗಿ ಬೊಮ್ಮಿಯ ದನಿಯಲ್ಲಿ ಕರೆಯಿತು: "ಅಕ್ಕಾ! ಕೇತಕ್ಕಾ!"

ಕೇತಜ್ಜಿ ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ನಕ್ಕುಬಿಟ್ಟಳು. "ಹೋಗೇ ಸುಳ್ಳಿ. ನನ್ನ ತಂಗಿ ಮುನಿಸಿಕೊಂಡವಳು. ಸತ್ತರೂ ತಾನೇ ಮೊದಲು ಕರೆಯೋಳಲ್ಲ ಅವಳು."

ಹಕ್ಕಿ ಓಬಳನ ಕಡೆ ತಿರುಗಿತು. "ಏನಯ್ಯ, ಓಬಳಾ, ಬಿಂದಿಗೆ ಎತ್ತಿಕೊಡು ಬಾ" ಎಂದಿತು. ದನಿ ಚೆನ್ನಾಜಿಯದೇ. ಮೂರು ತಿಂಗಳಿಂದ ಕೇಳದ ದನಿ. ಓಬಳನ ಎದೆಯಿಂದ ಮಾತು ಉಕ್ಕಿ ಬಂತು, ಹಲ್ಲು ಕಚ್ಚಿದರೂ ನಿಲ್ಲಲಿಲ್ಲ, ತುಟಿಗೆ ಬಂದೇಬಿಟ್ಟಿತು. ಅವನು ಮೂರನೆಯ ಚೀಲ ಬಿಚ್ಚಿ ಅದರೊಳಗೆ ಮುಖವಿಟ್ಟು ಜೀವ ಹೋಗುವಂತೆ ಕೂಗಿದ. ಕೂಗು ಚೀಲದೊಳಗೆ ಹೋಯಿತು. ಅಂಚು ಸಡಿಲವೂ ಇರಲಿಲ್ಲ, ಬಿಗಿಯೂ ಇರಲಿಲ್ಲ, ಒಂದು ಪಿಸುಮಾತೂ ಸೋರಲಿಲ್ಲ. ಕಟ್ಟಿ ಸೊಂಟಕ್ಕೆ ಸಿಕ್ಕಿಸಿದ. ಕೂಗಿನ ಜೊತೆ ಅವನ ದನಿಯೂ ಪೂರ್ತಿ ಚೀಲ ಸೇರಿತ್ತು, ಗಂಟಲಲ್ಲಿ ಏನೂ ಉಳಿದಿರಲಿಲ್ಲ. ಕರೆದು ಕರೆದು ಸಾಕಾಗಿ ಹಕ್ಕಿ ರೆಕ್ಕೆಯೊಳಗೆ ತಲೆ ಹುದುಗಿಸಿತು.

ಬೆಟ್ಟದ ನೆತ್ತಿ ಹತ್ತಿದಾಗ ಮಟಮಟ ಮಧ್ಯಾಹ್ನ. ಸರ್ವಗ್ರಾಸ ಬಂಡೆಯ ಮೇಲೆ ಚೀಲವನ್ನೇ ದಿಂಬು ಮಾಡಿಕೊಂಡು ನಿದ್ದೆ ಹೊಡೆಯುತ್ತಿದ್ದ. ಓಬಳ ಉಸಿರು ಬಿಗಿಹಿಡಿದು ಅವನ ತಲೆ ಎತ್ತಿ, ಚೀಲ ಎಳೆದುಕೊಂಡು, ಆ ಜಾಗಕ್ಕೆ ಉಪ್ಪಿನ ಮೂಟೆ ಇಟ್ಟ. ಅಜ್ಜಿ ಮಗ್ಗ ಬಿಚ್ಚಿದಳು. ಸುತ್ತ ನೋಡಿದಳು.

"ಮರ ಎಲ್ಲಿ?"

ಬೆಟ್ಟದಲ್ಲಿ ಒಂದು ಮರವೂ ಇರಲಿಲ್ಲ. ಎಲ್ಲವನ್ನೂ ಅವನು ಕರೆದು ಚೀಲಕ್ಕೆ ಹಾಕಿಬಿಟ್ಟಿದ್ದ. ಮರ ಇಲ್ಲದೆ ಮಗ್ಗ ನಿಲ್ಲದು.

ಓಬಳ ಮರದ ಕಡೆಯ ಪಟ್ಟಿ ತೆಗೆದು ತನ್ನ ಸೊಂಟಕ್ಕೆ ಸುತ್ತಿಕೊಂಡ. ಎರಡು ಕಾಲನ್ನೂ ನೆಲಕ್ಕೆ ಊರಿ ನಿಂತ.

"ನೀನು ಮರವಾದ್ರೆ ಅಂಚು ಹಾಕೋರು ಯಾರು?" ಎಂದು ಕೇಳಿದಳು ಅಜ್ಜಿ. ದನಿಯಿಲ್ಲದ ಓಬಳ ಪಟ್ಟಿಯ ಗಂಟನ್ನು ಇನ್ನಷ್ಟು ಬಿಗಿದ. ಕಾಯುವುದಕ್ಕೆ ಹೊತ್ತಿರಲಿಲ್ಲ. ಅಜ್ಜಿ ಇನ್ನೊಂದು ಪಟ್ಟಿ ತನ್ನ ಸೊಂಟಕ್ಕೆ ಬಿಗಿದು, ಹೊಸ ನೂಲಿನ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಹಳೆಯ ಅಂಚಿನ ಮೊದಲ ಎಳೆಗೆ ಬೆರಳಿಟ್ಟಳು. ನಲವತ್ತು ವರ್ಷದ ಹಟ ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು.

ಕೊನೆಯ ಎಳೆ ಬಿಟ್ಟದ್ದೇ ತಡ, ಚೀಲ ಉಸಿರೆಳೆದುಕೊಳ್ಳತೊಡಗಿತು. ಕಲ್ಲು ಹೋಯಿತು, ಮಣ್ಣು ಹೋಯಿತು. ಅಜ್ಜಿಯ ಒಂದು ಕೈ ಮೊಣಕೈವರೆಗೆ ಹೋಯಿತು, ಭುಜದವರೆಗೆ ಹೋಯಿತು. ಓಬಳ ಹಿಂದಕ್ಕೆ ಬಾಗಿ ಎಳೆದು ನಿಂತ. ಅವನ ಹಿಮ್ಮಡಿ ಬಂಡೆಯೊಳಗೆ ಗೇಣುದ್ದ ಇಳಿಯಿತು.

ಮೂಗಿಗೆ ಉಪ್ಪು ಹೋಗಿ ಸರ್ವಗ್ರಾಸ ಸೀನಿ ಎದ್ದ.

"ಕೇತೀ!" ಎಂದು ಅಬ್ಬರಿಸಿದ. ಅಜ್ಜಿಯ ಹಲ್ಲಿನಲ್ಲಿ ನೂಲು. ಓಗೊಡಲಾಗಲಿಲ್ಲ. "ಓಬಳಾ!" ಎಂದು ಕೂಗಿದ. ಓಬಳನ ತುಟಿ ಅಲುಗಿತು, ದನಿ ಬರಲಿಲ್ಲ. ಮೂರು ಸಲ ಕರೆದ. ಮೂರು ಸಲವೂ ಬೆಟ್ಟ ಸುಮ್ಮನಿತ್ತು. ಕರೆಯುವುದು ಬಿಟ್ಟರೆ ಆ ಮಾಂತ್ರಿಕನಿಗೆ ಬೇರೆ ವಿದ್ಯೆಯೇ ಇರಲಿಲ್ಲ. ದನಿ ಬದಲಿಸಿದ.

"ಓಬಳಾ, ಪಟ್ಟಿ ಬಿಚ್ಚಿಬಿಡು. ಮುದುಕಿ ಹೋದರೆ ಹೋಗಲಿ. ನಿನ್ನ ಹೆಂಡ್ತಿ ಒಬ್ಬಳನ್ನ ಈಗಲೇ ಕೊಟ್ಟುಬಿಡ್ತೀನಿ."

ಸುಳ್ಳು ಯಾಕೆ ಹೇಳಲಿ, ಓಬಳನ ಕೈ ಪಟ್ಟಿಯ ಗಂಟಿಗೆ ಹೋಯಿತು. ಚೆನ್ನಾಜಿಯ ಮುಖ ಕಣ್ಣ ಮುಂದೆ ಬಂತು. ಎದುರಿಗೆ ನೋಡಿದರೆ ಅಜ್ಜಿಯ ಅರ್ಧ ಮೈ ಚೀಲದೊಳಗೆ, ಬೆನ್ನು ಅವನ ನಂಬಿಕೆಯ ಮೇಲೆ. ತಾನು ಹತ್ತು ವರ್ಷ ಹೆಸರು ಕೂಡ ಕೇಳದ ಮುದುಕಿ. ಓಬಳ ಗಂಟಿನಿಂದ ಕೈ ತೆಗೆದ. ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ಇನ್ನೂ ಹಿಂದಕ್ಕೆ ಬಾಗಿದ.

ಆಗ ಚೀಲದೊಳಗಿನಿಂದ ಒಂದು ಕೈ ಬಂತು.

ಎಳೆಯ ಕೈ. ಮಣಿಕಟ್ಟಿನಲ್ಲಿ ಕೆಂಪು ಬಳೆ. ಆ ಕೈ ಗಾಳಿಯಲ್ಲಿ ತಡಕಾಡಿತು, ಹೊರಗುಳಿದಿದ್ದ ಅಜ್ಜಿಯ ಕೈಯ ಸುಕ್ಕುಗಟ್ಟಿದ ಬೆರಳುಗಳನ್ನು ಮುಟ್ಟಿತು, ಮುಟ್ಟಿ ನಿಂತಿತು. ಒಂದೊಂದೇ ಬೆರಳನ್ನು ಸವರಿ ನೋಡಿತು. ಆಮೇಲೆ ಇನ್ನೊಂದು ಕೈಯೂ ಬಂತು. ಎರಡೂ ಸೇರಿ ನೂಲಿನ ತುದಿ ಹಿಡಿದವು. ಅಜ್ಜಿಯ ಹಲ್ಲಿನಲ್ಲಿ ಒಂದು ತುದಿ, ಆ ಬೆರಳುಗಳಲ್ಲಿ ಇನ್ನೊಂದು ತುದಿ. ಬೊಮ್ಮಿಯ ಕೈಗಳು ಒಳಗಿನಿಂದಲೇ ಬಾಯಂಚು ನೇಯತೊಡಗಿದವು. ಸೂರ್ಯ ಅಲುಗದೆ ನಿಂತು ನೋಡಿದ. ಸರ್ವಗ್ರಾಸ ಕೂಡ ಒಂದು ಗಳಿಗೆ ಬಾಯಿ ತೆರೆದು ನೋಡಿದ, ಅಂಥ ಕೈಚಳಕ ಅದು. ಕೊನೆಯ ಎಳೆ ಸೇರಿತು. ಕೈಗಳು ಒಳಗೆ ಹೋದವು.

ಚೀಲದ ಉಸಿರು ನಿಂತಿತು. ಒಳಗಿದ್ದ ಅರ್ಧ ಮೈಯನ್ನು ಅಜ್ಜಿ ಹೊರಗೆಳೆದುಕೊಂಡಳು. ಬೇರೇನೂ ಆಗಲಿಲ್ಲ.

ಸರ್ವಗ್ರಾಸ ಗಹಗಹಿಸಿ ನಕ್ಕ. "ಇಷ್ಟೇನೋ?"

ಓಬಳ ಸೊಂಟದಿಂದ ಮೂರನೆಯ ಚೀಲ ತೆಗೆದು ಬಾಯಿ ಬಿಚ್ಚಿದ. ಮೂರನೆಯ ಬಾಗಿಲಲ್ಲಿ ಅದುಮಿಟ್ಟ ಕೂಗು ಬೆಟ್ಟ ನಡುಗುವ ಹಾಗೆ ಹೊರಗೆ ಬಂತು:

"ಚೆನ್ನಾಜೀ! ಬಂದೆ ಕಣೇ!"

ಚೀಲದ ಆಳದಿಂದ ಉತ್ತರ ಬಂತು: "ಓ!"

ಎರಡು ಕೈಯ ಚೀಲ ಕೊಡುವುದನ್ನು ಕಲಿತಿತ್ತು. ಕರೆದು ಓಗೊಟ್ಟದ್ದೇ ಸಾಕು, ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಚೆನ್ನಾಜಿ ಹೊರಗೆ ಬಂದು ನಿಂತಳು. ಮೊಣಕಾಲವರೆಗೆ ಇನ್ನೂ ಒದ್ದೆ.

"ಅಲ್ಲ ಕಣಯ್ಯ, ಒಂದು ಬಿಂದಿಗೆ ತುಂಬೋಷ್ಟರಲ್ಲಿ ಹಿಂಗೆ ಬಡಕಲಾಗಿದ್ದೀಯಲ್ಲ, ಏನಾಯ್ತು?" ಎಂದಳು. ಕೂಗಿನ ಜೊತೆ ಓಬಳನ ದನಿಯೂ ಗಂಟಲಿಗೆ ಮರಳಿತ್ತು, ನಕ್ಕನೋ ಅತ್ತನೋ ಅವನಿಗೇ ತಿಳಿಯಲಿಲ್ಲ.

ತನ್ನ ಸಂಪತ್ತು ಹೋಗುತ್ತದೆ ಎಂದು ಸರ್ವಗ್ರಾಸ ಓಡಿಬಂದು ಚೀಲದೊಳಗೆ ಕೈ ಹಾಕಿದ. ಚೀಲ ಅವನದ್ದನ್ನು ಅವನಿಗೆ ಕೊಟ್ಟಿತು. ಅಲ್ಲಿ ಅವನದ್ದು ಅಂತ ಇದ್ದದ್ದು ಒಂದೇ, ಅವನ ಮುಪ್ಪು. ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು, ನಲವತ್ತು ವರ್ಷ ಒಟ್ಟಿಗೆ ಬಂದು ಅವನ ಮೇಲೆ ಕೂತಿತು. "ನೀರು..." ಎಂದ. ಅವನು ಯಾರೆಂದು ಚೆನ್ನಾಜಿಗೆ ಗೊತ್ತಿರಲಿಲ್ಲ. ಯಾರೋ ಪಾಪದ ಮುದುಕ ಅಂತ ಬಿಂದಿಗೆ ಬಗ್ಗಿಸಿ ಕುಡಿಸಿದಳು. ಹಿರಿಯಮ್ಮನ ಕೆರೆಯ ನೀರು ಕುಡಿದು, ನೆಲಕ್ಕೆ ಒರಗಿ, ಅವನು ಮತ್ತೆ ಏಳಲಿಲ್ಲ.

ಕೇತಜ್ಜಿ ಹಲ್ಲಿನ ನೂಲು ಬಿಟ್ಟು ಕರೆಯತೊಡಗಿದಳು. ಮರಗಳನ್ನು ಕರೆದಳು, ಮರಗಳು ಬಂದು ಬೆಟ್ಟದ ಮೇಲೆ ನಿಂತವು. ಕೆರೆಯನ್ನು ಕರೆದಳು, ಕೆರೆ ತಾವರೆ ಎಮ್ಮೆಗಳ ಸಮೇತ ಎದ್ದು, ಆಕಾಶದಲ್ಲಿ ಹಾದು, ಹೊಳಲುಕೋಟೆಯ ಮುಂದೆ ಹೋಗಿ ಮಲಗಿತು. ಕಾವಲುಗಾರ ಈಟಿ ಹಿಡಿದೇ ಬಂದ. ಏಳು ಹಾಡಿಯ ಜನರನ್ನು ಒಬ್ಬೊಬ್ಬರ ಹೆಸರು ಹಿಡಿದು ಕರೆದಳು. ನಲವತ್ತು ವರ್ಷ ಆ ಹೆಸರುಗಳನ್ನು ಅವಳು ಒಬ್ಬಳೇ ಕಾಪಾಡಿಟ್ಟಿದ್ದಳು, ಒಂದೂ ಮರೆತಿರಲಿಲ್ಲ. ಎಲ್ಲರೂ ಬಂದರು. ಒಂದು ಹೆಸರು ಉಳಿಯಿತು. ಅಜ್ಜಿಗೆ ಬಾಯಿ ಬರಲಿಲ್ಲ. ಹಿಂದೊಮ್ಮೆ ಆ ಹೆಸರು ಕರೆದು ಕಳೆದುಕೊಂಡವಳಲ್ಲವೇ?

"ಕರೀ ಅಜ್ಜಿ" ಎಂದ ಓಬಳ ಮೆತ್ತಗೆ.

"ಬೊಮ್ಮೀ..."

"ಓ" ಎಂದಿತು ಚೀಲ.

ಹದಿನೆಂಟರ ಹುಡುಗಿ ಹೊರಗೆ ಬಂದು ನಿಂತಳು. ಎದುರಿಗಿದ್ದ ಬಿಳಿಕೂದಲ ಮುದುಕಿಯ ಮುಖ ನೋಡಿದಳು, ಗುರುತು ಸಿಗಲಿಲ್ಲ. ಕೈ ಹಿಡಿದು ನೋಡಿದಳು, ಗುರುತು ಸಿಕ್ಕಿತು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಹೇಳಿದಳು:

"ಅಡಿ ಬಿಗಿ ಆಯ್ತು ಅಂತ ಆವತ್ತೇ ಹೇಳ್ಲಿಲ್ವೇನಕ್ಕ?"

"ಹೂಂ ಕಣೇ. ಬಿಗಿಯೇ ಆಗಿತ್ತು" ಎಂದು ಕೇತಿ ತಂಗಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಏಳು ಹಾಡಿಯೂ ಅತ್ತಿತು.

ಇಳಿದು ಬರುವಾಗ ಹಕ್ಕಿ ಅಂಗೈಯಷ್ಟಾಗಿ ಹಾರಿಹೋಯಿತು, ನೂರು ಕಲ್ಲುಗಳು ಸೈನಿಕರಾಗಿ ಎದ್ದು ಮೈ ಮುರಿದವು. ನವಿಲಿನ ಬೆಂಕಿಯನ್ನು ನವಿಲಿಗೆ, ಕೋಣದ ಉಸಿರನ್ನು ಕೋಣಕ್ಕೆ ಅಜ್ಜಿ ಬಿಚ್ಚಿ ಕೊಟ್ಟಳು. ಬೇರೆಯವರದ್ದು ಇಟ್ಟುಕೊಳ್ಳುವ ಅಭ್ಯಾಸ ಹಾಡಿಯವರಿಗಿಲ್ಲ. ಕಾಡಿದ ಮಾಯೆ ತೊಲಗಿದ್ದರಿಂದ ನವಿಲಿನ ಬೆಂಕಿ ಬರೀ ಬಣ್ಣವಾಯಿತು, ಕೋಣದ ಬಿರುಗಾಳಿ ಬರೀ ಉಸಿರಾಯಿತು.

ರಾಜ ಮೆರವಣಿಗೆಯಲ್ಲಿ ಬಂದು ಕೇತಜ್ಜಿಗೆ ಕೈಮುಗಿದ. "ತಾಯೀ, ಎಲ್ಲರೂ ಕೋಟೆಗೇ ಬಂದುಬಿಡಿ. ದೊಡ್ಡ ಚಾವಡಿ ಕಟ್ಟಿಸ್ತೀನಿ. ದಿನಕ್ಕೆ ಸಾವಿರ ಚೀಲ ನೇಯಿರಿ."

ಬೊಮ್ಮಿ ನಕ್ಕಳು. "ನಿಮ್ಮ ಚಾವಡಿ ಕಂಬದಲ್ಲಿ ನಾರು ಬರುತ್ತಾ ಸ್ವಾಮಿ? ನಾರುಮರಕ್ಕೆ ಯಾರೂ ಕೊಡಲಿ ಇಡದ ಹಂಗೆ ನೋಡ್ಕೊಳ್ಳಿ. ಕಲೀಬೇಕು ಅನ್ನೋರನ್ನ ಇಲ್ಲಿಗೆ ಕಳಿಸಿ. ಅಡಿಯೋ ಬಾಯಂಚೋ, ಕೈ ನೋಡಿ ನಾವು ಹೇಳ್ತೀವಿ."

ರಾಜ ಹಾಗೇ ಕಲ್ಲಿನಲ್ಲಿ ಬರೆಸಿದ. ಓಬಳ, ಚೆನ್ನಾಜಿ ಮೊದಲು ಹೋದರು, ಊರಿನ ಅರ್ಧ ಜನ ಹಿಂದೆ ಹೋದರು. ಏಳು ಗುಡ್ಡದಲ್ಲೂ ಮತ್ತೆ ಹೊಗೆ ಎದ್ದಿತು. ಒಂದು ಚೀಲಕ್ಕೆ ಅಡಿ ಹಾಡಿಯದು, ಬಾಯಂಚು ಊರಿನದು. ಇನ್ನೊಂದಕ್ಕೆ ಅಡಿ ಊರಿನದು, ಬಾಯಂಚು ಹಾಡಿಯದು. ಚೀಲ ಬೇಕು ಅಂತ ಬಂದವರಿಗೆ ಓಬಳ ಮೊದಲು ಎರಡು ಹೆಸರು ಹೇಳುತ್ತಿದ್ದ. ಅಡಿ ಇಂಥವರದು, ಬಾಯಂಚು ಇಂಥವರದು. ಹೆಸರು ಕೇಳಿಸಿಕೊಳ್ಳಲು ಪುರಸೊತ್ತಿಲ್ಲದವರಿಗೆ ಚೀಲವಿಲ್ಲ.

ಕೇತಿ, ಬೊಮ್ಮಿ ಒಂದೇ ಮರದ ಕೆಳಗೆ ಕೂತರು. "ಬಿಗಿ ಆಯ್ತು" ಎನ್ನುವಳು ತಂಗಿ. "ನಿಂದು ಸಡಿಲ" ಎನ್ನುವಳು ಅಕ್ಕ. ಜಗಳ ಮುಗಿಯುವ ಮೊದಲೇ ಚೀಲ ಮುಗಿದಿರುತ್ತಿತ್ತು. ಹೀಗೆ ಜಗಳವಾಡಿಕೊಂಡು ಎಲ್ಲರೂ ಬಹಳ ಕಾಲ ಸುಖವಾಗಿದ್ದರು.

ಈ ಕತೆಯ ಅಡಿ ನಾನು ನೇಯ್ದೆ. ಬಾಯಂಚು ನಿಮ್ಮದು.